ಉಣ್ಣೆಯ ಪಂಚಾಂಗ

ತುಮಕೂರಿನಿಂದ ಕೊರಟಗೆರೆಯ ಮಾರ್ಗವಾಗಿ ಮಧುಗಿರಿಗೆ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಸಿದ್ಧರಬೆಟ್ಟದ ಕಲ್ಲು, ಚನ್ನರಾಯನದುರ್ಗದ ಕಲ್ಲು, ಕೊನೆಗೆ ಆಕಾಶಕ್ಕೆ ಒರಗಿಸಿಟ್ಟಂತೆ ನಿಂತಿರುವ ಮಧುಗಿರಿಯ ಏಕಶಿಲೆ. ಪ್ರವಾಸಿಗಳ ಪಯಣ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕೋಟೆಯನ್ನು ಹತ್ತಿ, ಇಳಿದು, ಕಾಲುನೋವನ್ನು ಹೊಗಳಿಕೊಂಡು, ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ. ಅಲ್ಲಿಂದ ಮೂಡಲಿಗೆ ತಿರುಗಿ ಪುರವರದ ಹೋಬಳಿಯತ್ತ ಹೋಗುವವರು ವಿರಳ. ನೋಡತಕ್ಕ ದೇಗುಲಶಿಲ್ಪವಾಗಲಿ ಜಲಪಾತವಾಗಲಿ ಅಲ್ಲಿ ಕಾದಿಲ್ಲವೆಂಬುದೇನೋ ನಿಜ. ಕೆಂಪು ನೆಲ, ಹುಣಿಸೆ, ಹೊಂಗೆ, ಕಡಲೆಕಾಯಿಯ ಹೊಲ, ಹೊಲದ ಅಂಚಿನಲ್ಲಿ ತಲೆ ತಗ್ಗಿಸಿ ಮೇಯುವ ಕುರಿಯ ಹಿಂಡು. ಇಷ್ಟೇ ಅಲ್ಲಿಯ ವೈಭವ. ಆದರೆ ಆ ಕುರಿಯ ಕಿವಿಯ ಹಿಂದೆ ಬೆರಳಾಡಿಸಿದರೆ, ಆ ಸೀಮೆಯ ಮಳೆ ಬೆಳೆ ಬದುಕುಗಳ ಲೆಕ್ಕವೆಲ್ಲ ಒಂದು ಸಣ್ಣ ಜೀವಿಯ ರೂಪದಲ್ಲಿ ಅಲ್ಲಿ ಕಚ್ಚಿಕೊಂಡಿರುತ್ತದೆ. ಅದು ಉಣ್ಣೆ.

ಕುರಿ ಸಾಕುವ ಸೀಮೆಯಲ್ಲಿ ಈ ಮಾತಿಗೆ ಎರಡು ಅರ್ಥ. ಕತ್ತರಿಸಿ ಕಂಬಳಿ ನೇಯುವುದೂ ಉಣ್ಣೆಯೇ, ಕಿತ್ತು ಕಲ್ಲಿಗೆ ಅರೆಯುವುದೂ ಉಣ್ಣೆಯೇ. ಗೊಂದಲವಾಗದಿರಲೆಂದು ಕೆಲವೆಡೆ ಎರಡನೆಯದನ್ನು ಉಣುಗು ಎಂದು ಕರೆಯುವುದುಂಟು. ಕೆಚ್ಚಲಿನಲ್ಲಿಯೇ ಇದ್ದರೂ ಉಣ್ಣೆ ಹಾಲನ್ನರಿಯದು ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ನಮ್ಮ ಹಿರಿಯರು ಅದನ್ನು ಅರಸಿಕರನ್ನು ಹಂಗಿಸಲು ಬಳಸಿದರು. ದನ ಕಾಯುವವನಿಗೆ ಅದು ಉಪಮೆಯಲ್ಲ, ಅನುದಿನದ ನಷ್ಟ.

ಜಯಮಂಗಲಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದು, ಗಡಿಯಾಚೆ ಉತ್ತರ ಪಿನಾಕಿನಿಯನ್ನು ಸೇರುವ ನದಿ. ನದಿಯೆಂದರೂ ವರ್ಷದ ಬಹುಭಾಗ ಅದು ಮರಳಿನ ಹಾದಿ. ಈ ಸೀಮೆಯಲ್ಲಿ ಮಳೆ ಕಡಿಮೆ. ಪಾವಗಡದ ಕಡೆಗೆ ಹೋದಷ್ಟೂ ಇನ್ನೂ ಕಡಿಮೆ. ಬೀಳುವ ಮಳೆಯಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆದ್ದರಿಂದ ಇಲ್ಲಿಯ ಒಕ್ಕಲು ತಿಂಗಳನ್ನೆಣಿಸುವುದಕ್ಕಿಂತ ಮಳೆಯ ನಕ್ಷತ್ರವನ್ನೆಣಿಸುವುದೇ ಹೆಚ್ಚು. ಉಣ್ಣೆಯೂ ಅದೇ ಪಂಚಾಂಗವನ್ನು ನಂಬಿದ ಪ್ರಾಣಿ.

ಅದರ ಬಾಳು ಸ್ವಾರಸ್ಯವಾದುದು. ಉಣ್ಣೆ ಕೀಟವಲ್ಲ, ಜೇಡ ಚೇಳುಗಳ ಬಳಗದ್ದು. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲು, ಒಮ್ಮೆ ಪೊರೆ ಕಳಚಿದ ಮೇಲೆ ಎಂಟು. ದನದ ಮೈಯಲ್ಲಿ ಸಾಧಾರಣವಾಗಿ ಕಾಣುವ ಜಾತಿಯೊಂದು ಮರಿಯಾಗಿದ್ದಾಗ ಹತ್ತಿದರೆ ಸುಮಾರು ಮೂರು ವಾರ ಅದೇ ಮೈಯಲ್ಲಿಯೇ ಬೆಳೆದು, ಜೋಡಿಗೂಡುತ್ತದೆ. ಬಳಿಕ ಹೆಣ್ಣುಣ್ಣೆ ಹರಳುಬೀಜದಂತೆ ಉಬ್ಬುವವರೆಗೆ ರಕ್ತ ಕುಡಿದು ನೆಲಕ್ಕುದುರುತ್ತದೆ. ಉದುರಿದ್ದು ಹುಲ್ಲಿನ ಬುಡದಲ್ಲಿಯೋ ಒಣಗಿದ ಸಗಣಿಯ ಕೆಳಗೋ ಅವಿತು, ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳು ಹುಲ್ಲಿನ ತುದಿಗೇರಿ, ಮುಂಗಾಲುಗಳನ್ನು ಗಾಳಿಗೆ ಚಾಚಿ ಕಾಯತೊಡಗುತ್ತವೆ. ಆ ಕಾಲುಗಳಲ್ಲಿ ಮೂಗಿನ ಕೆಲಸ ಮಾಡುವ ಒಂದು ಸೂಕ್ಷ್ಮ ಅಂಗವಿದೆ. ದನದ ಉಸಿರು, ಮೈಶಾಖ ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ಹಸು ಹುಲ್ಲಿಗೆ ಮೈ ಸೋಕಿಸಿತೆಂದರೆ ನೂರಾರು ಮರಿಗಳು ಒಟ್ಟಿಗೇ ಹತ್ತಿಬಿಡುತ್ತವೆ.

ಈ ಕಾಯುವಿಕೆಯಲ್ಲಿಯೇ ಋತುವಿನ ಗುಟ್ಟಿದೆ. ಮೈಮೇಲಿರುವ ಉಣ್ಣೆಗೆ ಮಳೆ ಬಿಸಿಲುಗಳ ಭಯ ಅಷ್ಟಿಲ್ಲ. ದನದ ಶಾಖವೇ ಅದರ ಮನೆ. ನೆಲದ ಮೇಲಿನ ಮೊಟ್ಟೆಗೂ ಮರಿಗೂ ಮಾತ್ರ ತೇವ ಬೇಕು. ಹದವಾದ ತೇವದಲ್ಲಿ ಮರಿಗಳು ತಿಂಗಳುಗಟ್ಟಲೆ ಉಪವಾಸ ಕಾದಾವು. ಒಣಗಾಳಿಗೆ, ಕಾದ ನೆಲಕ್ಕೆ ಸಿಕ್ಕರೆ ಕೆಲವೇ ದಿನಗಳಲ್ಲಿ ಸುಕ್ಕಿ ಸಾಯುತ್ತವೆ. ಪುರವರದ ಬಯಲಿನಲ್ಲಿ ಮಾರ್ಚ್ ಏಪ್ರಿಲ್ ತಿಂಗಳುಗಳ ಬಿಸಿಲು ಕಲ್ಲನ್ನೇ ಸುಡುವಂಥದು. ಆಗ ಗೋಮಾಳದಲ್ಲಿ ಹುಲ್ಲೂ ಇಲ್ಲ, ಹುಲ್ಲಿನ ತುದಿಯಲ್ಲಿ ಕಾಯುವವರೂ ಇಲ್ಲ.

ಅಶ್ವಿನಿ, ಭರಣಿ ಮಳೆಗಳು ಹೇಗೋ ನಾಲ್ಕು ಹನಿ ಉದುರಿಸಿ ಹೋದ ಮೇಲೆ ಗರಿಕೆ ಚಿಗುರುತ್ತದೆ. ಅಲ್ಲಿ ಇಲ್ಲಿ ಬದುಕಿ ಉಳಿದ ಉಣ್ಣೆಗಳ ಸಂತಾನ ಆಗ ಕಣ್ಣು ಬಿಡುತ್ತದೆ. ಕೃತ್ತಿಕೆ, ರೋಹಿಣಿಯ ಹೊತ್ತಿಗೆ ಕರುಗಳ ಕಿವಿಯಲ್ಲಿ ಒಂದೆರಡು. ಮೃಗಶಿರ, ಆರಿದ್ರೆಗೆ ಗಂಗೆದೊಗಲಿನ ಮಡಿಕೆಗಳಲ್ಲಿ ಹತ್ತಿಪ್ಪತ್ತು. ಪುನರ್ವಸು, ಪುಷ್ಯ ಮಳೆಗಳಲ್ಲಿ ಊರೆಲ್ಲ ಕಡಲೆಕಾಯಿ ಬಿತ್ತುವುದರಲ್ಲಿ ತೊಡಗಿರುತ್ತದೆ, ದನದ ಮೈ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಉಣ್ಣೆಗೆ ಬೇಕಾದುದೂ ಅದೇ. ಶ್ರಾವಣ ಭಾದ್ರಪದಗಳು ಬರುವ ವೇಳೆಗೆ ತೊಡೆಸಂದು, ಬಾಲದ ಬುಡ, ಕೆಚ್ಚಲು ಎಲ್ಲವೂ ಅದರ ವಶ. ಮಖೆ, ಹುಬ್ಬೆ, ಉತ್ತರೆ, ಹಸ್ತ ಮಳೆಗಳು ಈ ಸೀಮೆಯ ರಾಗಿಯನ್ನು ಉಳಿಸುವ ಮಳೆಗಳು. ಉಣ್ಣೆಯನ್ನು ಬೆಳೆಸುವವೂ ಅವೇ. ಸ್ವಾತಿ, ವಿಶಾಖ ಕಳೆದು ಚಳಿ ಇಳಿದಂತೆ ಲೆಕ್ಕ ಇಳಿಮುಖವಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ದನದ ಮೈ ಬಹುಮಟ್ಟಿಗೆ ಹಸನಾಗಿರುತ್ತದೆ.

ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನು ಪಟ್ಟಣದ ಮಕ್ಕಳೂ ಚಿತ್ರದಲ್ಲಿ ನೋಡಿರಬಹುದು. ಬೆಂಕಿಯ ಶಾಖಕ್ಕೆ ಉಣ್ಣೆ ಉದುರಿಹೋಗುತ್ತದೆಂದು ಅದಕ್ಕೆ ಕಾರಣ ಹೇಳುವವರಿದ್ದಾರೆ. ಒಂದು ನೆಗೆತದಲ್ಲಿ ಬೆಂಕಿ ದಾಟುವ ಎತ್ತಿನ ತೊಡೆಸಂದಿನಷ್ಟು ಒಳಗಿನ ಜಾಗಕ್ಕೆ ಎಷ್ಟು ಶಾಖ ತಾಗೀತು? ಉಣ್ಣೆಯ ಕಚ್ಚು ಅಷ್ಟಕ್ಕೆ ಸಡಿಲುವಂಥದಲ್ಲ. ಎರಡು ತಿಂಗಳ ಒಣಹವೆಯೂ ಚಳಿಯೂ ಸದ್ದಿಲ್ಲದೆ ಮಾಡಿದ ಕೆಲಸದ ಕೀರ್ತಿ ಒಂದು ಸಂಜೆಯ ಬೆಂಕಿಗೆ ಸಲ್ಲುತ್ತಿದೆಯೆಂದು ತೋರುತ್ತದೆ. ಹಬ್ಬದ ಸೊಗಸು ಇದರಿಂದ ಕಡಿಮೆಯಾಗಬೇಕಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಪುಷ್ಯ ಮಾಸದಲ್ಲಿ, ಸಿದ್ಧಗಂಗೆಯದು ಶಿವರಾತ್ರಿಯ ಸುಮಾರಿಗೆ. ಸಾವಿರಾರು ದನಗಳು ಕೊಂಬಿಗೆ ಕೊಂಬು ತಗಲುವಂತೆ ನಿಲ್ಲುವ ಈ ಜಾತ್ರೆಗಳು ಸುಗ್ಗಿ ಮುಗಿದ ಬಿಡುವಿಗೆಂದು ಏರ್ಪಟ್ಟವು. ಆದರೂ ಒಬ್ಬರ ದನದ ಉಣ್ಣೆ ಇನ್ನೊಬ್ಬರ ದನಕ್ಕೆ ಹತ್ತುವ ಭಯ ಕಡಿಮೆಯಿರುವ ಕಾಲವೇ ಅವುಗಳ ಪಾಲಿಗೆ ಬಂದಿದೆ.

ಎಲ್ಲ ನಾಡುಗಳಲ್ಲಿಯೂ ಉಣ್ಣೆಯ ಕಾಲ ಒಂದೇ ಅಲ್ಲ. ರಾಜಸ್ಥಾನದಿಂದ ಅರಬ್ಬೀ ನಾಡುಗಳವರೆಗೆ ಒಂಟೆಯ ಮೈಯನ್ನೇ ನಂಬಿದ ಒಂದು ಜಾತಿಯ ಉಣ್ಣೆಯುಂಟು. ಮರಳುಗಾಡಿನ ಒಣಹವೆಯನ್ನು ಅದು ಸಹಿಸಬಲ್ಲುದು. ಹುಲ್ಲಿಲ್ಲದ ಕಡೆ ಒಂಟೆ ಕಟ್ಟುವ ಲಾಯದ ಬಿರುಕುಗಳಲ್ಲಿ, ಮರದ ನೆರಳಿನ ಮರಳಿನಲ್ಲಿ ಅಡಗಿ, ಒಂಟೆ ಬಂದಾಗ ಓಡಿ ಬಂದು ಹತ್ತುತ್ತದೆ. ನಮ್ಮ ಮಲೆನಾಡಿನಲ್ಲಿಯೇ ಲೆಕ್ಕ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹರಡಿದಾಗ, ಅದನ್ನು ಹೊತ್ತದ್ದು ಕಾಡಿನ ಉಣ್ಣೆಯೆಂಬುದು ಪತ್ತೆಯಾಯಿತು. ಅಲ್ಲಿ ದೊಡ್ಡ ಉಣ್ಣೆಗಳ ಕಾಲ ಮಳೆಗಾಲವಾದರೂ, ಮನುಷ್ಯನನ್ನು ಕಚ್ಚಿ ರೋಗ ತರುವ ಎಳೆಯ ಉಣ್ಣೆಗಳ ಕಾಲ ಮಾಗಿಯಿಂದ ಬೇಸಿಗೆಯವರೆಗೆ. ಸೌದೆಗೆ, ತರಗೆಲೆಗೆ ಜನ ಕಾಡಿಗೆ ಹೋಗುವುದೂ ಆಗಲೇ. ಪುರವರದವನು ಆ ರೋಗದಿಂದ ದೂರ. ಅವನ ಉಣ್ಣೆ ಅವನನ್ನು ಕಚ್ಚುವುದಕ್ಕಿಂತ ಅವನ ಗಂಟನ್ನು ಕಚ್ಚುವುದೇ ಹೆಚ್ಚು.

ಹಿಂದೆ ಈ ಗಂಟಿಗೆ ಒಂದು ಕಾವಲಿತ್ತು. ಮಧುಗಿರಿ, ಶಿರಾ, ಪಾವಗಡಗಳ ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಕುರುಬರ ಕೇರಿಗಳಲ್ಲಿಯೂ ಕುರಿಯೆಂದರೆ ನಡೆಯುವ ಆಸ್ತಿ. ಬೇಸಿಗೆಯಲ್ಲಿ ಹಿಂಡನ್ನು ಹೊಡೆದುಕೊಂಡು ನೀರಾವರಿಯ ಸೀಮೆಗೆ ಹೋಗುವುದು, ಕುಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುವುದು, ಎರಡು ಮೂರು ರಾತ್ರಿಗೆ ಆ ಹೊಲ ಬಿಟ್ಟು ಇನ್ನೊಂದು ಹೊಲಕ್ಕೆ ಸಾಗುವುದು ಇವರ ಕ್ರಮ. ಹೊಲದ ಒಡೆಯನಿಗೆ ಗೊಬ್ಬರ, ಕುರಿಯವನಿಗೆ ಕಾಳೋ ಕಾಸೋ. ಇದರಲ್ಲಿ ಉಣ್ಣೆಗೂ ಒಂದು ಪೆಟ್ಟಿತ್ತೆಂಬುದನ್ನು ಹೆಚ್ಚು ಮಂದಿ ಗಮನಿಸಿದಂತಿಲ್ಲ. ಮಂದೆಯಲ್ಲಿ ಉದುರಿದ ಉಣ್ಣೆ ಮೊಟ್ಟೆಯಿಟ್ಟು, ಮೊಟ್ಟೆಯೊಡೆಯಲು ವಾರಗಳು ಬೇಕು. ಮರಿ ಕಣ್ಣು ತೆರೆದು ನೋಡುವಾಗ ಕುರಿ ಹತ್ತು ಹರಿದಾರಿ ದೂರ. ಮುಂದಿರುವುದು ಬರಿಯ ಉತ್ತ ಹೊಲ, ಮೇಲೆ ಬಿಸಿಲು.

ಮೈಸೂರು ಅರಸರ ಅಮೃತಮಹಲಿನವರೂ ಇದೇ ದಾರಿಯವರು. ಅವರ ಕಾವಲುಗಳಲ್ಲಿ ಮಳೆಗಾಲದವು ಬೇರೆ, ಚಳಿಗಾಲದವು ಬೇರೆ, ಬೇಸಿಗೆಯವು ಬೇರೆ. ಕಾಲ ತಿರುಗಿದಂತೆ ದನಗಳೂ ಕಾವಲು ಬದಲಾಯಿಸುತ್ತಿದ್ದವು. ಮೇವು ನೀರಿಗೆಂದು ಮಾಡಿದ ಏರ್ಪಾಡಿದು. ಆದರೆ ತಿಂಗಳುಗಟ್ಟಲೆ ಖಾಲಿ ಬಿದ್ದ ಕಾವಲಿನಲ್ಲಿ ಉಣ್ಣೆಯ ಮರಿಗಳೂ ಉಪವಾಸ ಬಿದ್ದು ಸಾಯುತ್ತಿದ್ದಿರಬೇಕು. ಹುಲ್ಲುಗಾವಲನ್ನು ಸರದಿಯ ಮೇಲೆ ಖಾಲಿ ಬಿಟ್ಟರೆ ಉಣ್ಣೆ ಕಡಿಮೆಯಾಗುತ್ತದೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಆ ನಡಿಗೆ ಈಗ ಕುಗ್ಗಿದೆ. ಗೋಮಾಳಗಳು ಸಾಗುವಳಿಗೆ ಹೋದವು. ಪಾವಗಡದ ತಿರುಮಣಿಯ ಸುತ್ತ 2018ರಿಂದೀಚೆಗೆ ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ತಿನ ಫಲಕಗಳು ಬಿಸಿಲನ್ನು ಮೇಯುತ್ತಿವೆ; ಬೇಲಿಯೊಳಗಿನ ಆ ನೆಲ ಕುರಿಗೆ ಎಟುಕುವಂಥದಲ್ಲ. ಹಳೆಯ ಹುಲ್ಲುಬಯಲು ಹೇಗಿತ್ತೆಂದು ನೋಡಬಯಸುವವರು ಮಧುಗಿರಿ ತಾಲ್ಲೂಕಿನದೇ ಆದ ಮೈದನಹಳ್ಳಿಗೆ ಹೋಗಬೇಕು. 2007ರಲ್ಲಿ ಜಯಮಂಗಲಿಯ ಹೆಸರಿನಲ್ಲಿ ಸಂರಕ್ಷಿತವಾದ ಆ ಸುಮಾರು 800 ಎಕರೆಯಲ್ಲಿ ಕೃಷ್ಣಮೃಗಗಳು ಇನ್ನೂ ನೆಗೆದಾಡುತ್ತಿವೆ.

ಇನ್ನೊಂದು ಬದಲಾವಣೆ ಕೊಟ್ಟಿಗೆಯೊಳಗೇ ಆಗಿದೆ. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಹಾಲಿನ ಸಹಕಾರ ಸಂಘಗಳು ಒಂದೊಂದಾಗಿ ಹಳ್ಳಿಗಳಿಗೆ ಬಂದವು. ಅವುಗಳ ಹಿಂದೆಯೇ ಸೀಮೆ ಹಸುವೂ ಬಂದಿತು. ಹಳ್ಳಿಕಾರ್ ತಳಿಯ ನಾಟಿ ಹಸು ಕೊಡುತ್ತಿದ್ದುದು ಕರು ಕುಡಿದು ಮಿಕ್ಕ ಸೇರು ಪಾವು. ಸೀಮೆ ಹಸು ಬಿಂದಿಗೆ ತುಂಬಿಸುತ್ತದೆ. ಮಳೆ ಕೈಕೊಟ್ಟ ವರ್ಷವೂ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸಂಘದಿಂದ ಬರುವ ಹಾಲಿನ ಬಟವಾಡೆಯೇ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕ, ಅಂಗಡಿಯ ಬಾಕಿ, ಅಜ್ಜಿಯ ಮಾತ್ರೆ. ಕಡಲೆಕಾಯಿಯನ್ನು ನಂಬಿ ಸೋತ ಸೀಮೆ ಹಾಲನ್ನು ನಂಬಿತು. ಅದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬಾರದು.

ಆದರೆ ಸೀಮೆ ಹಸು ಬಯಲಲ್ಲಿ ಅಲೆಯುವ ಪ್ರಾಣಿಯಲ್ಲ. ವರ್ಷವಿಡೀ ಒಂದೇ ಗೂಟ, ಒಂದೇ ಕೊಟ್ಟಿಗೆ. ಕೊಳವೆಬಾವಿಯ ನೀರಿನಲ್ಲಿ ಬೆಳೆದ ಹಸಿಹುಲ್ಲು ನಡುಬೇಸಿಗೆಯಲ್ಲಿಯೂ ಅದರ ಮುಂದೆ ಬೀಳುತ್ತದೆ. ಕೊಟ್ಟಿಗೆಯ ನೆಲ ಗಂಜಲದಿಂದ ಸದಾ ತೇವ. ಮಣ್ಣಿನ ಗೋಡೆಯ, ಕಲ್ಲು ಕಟ್ಟಡದ ಬಿರುಕುಗಳು ಸದಾ ತಂಪು. ಉಣ್ಣೆಯಲ್ಲಿ ಇನ್ನೊಂದು ಜಾತಿಯಿದೆ. ಅದು ಹುಲ್ಲಿಗಿಂತ ಗೋಡೆಯನ್ನೇ ಮೆಚ್ಚಿದ್ದು, ಒಂಟೆಯ ಉಣ್ಣೆಗೆ ಹತ್ತಿರದ ನೆಂಟ. ಹಗಲು ಬಿರುಕಿನಲ್ಲಿ ಅಡಗಿರುವುದು, ಒಮ್ಮೆ ರಕ್ತ ಕುಡಿದು ಮತ್ತೆ ಬಿರುಕಿಗೆ ಹೋಗಿ ಪೊರೆ ಕಳಚುವುದು, ತಿಂಗಳುಗಟ್ಟಲೆ ಹಸಿದಿರಬಲ್ಲುದು. ಬಯಲಿನ ಉಣ್ಣೆಗೆ ಚೈತ್ರದ ಬಿಸಿಲು ಯಮನಾಗಿತ್ತು. ಕೊಟ್ಟಿಗೆಯ ಉಣ್ಣೆಗೆ ಆ ಯಮನ ವಿಳಾಸವೇ ತಿಳಿಯದು. ಮಳೆಗಾಲದಲ್ಲಿ ಹೆಚ್ಚು, ಮಾಗಿಯಲ್ಲಿ ಕಡಿಮೆ ಎಂಬ ಏರಿಳಿತ ಇಂದಿಗೂ ಇದೆ. ಬೇಸಿಗೆಯ ಶೂನ್ಯ ಮಾತ್ರ ಹಲವು ಮನೆಗಳಿಂದ ಮರೆಯಾಗಿದೆ.

ಮಳೆಗಾಲದ ಒಂದು ಬೆಳಿಗ್ಗೆ ಇಂಥ ಮನೆಗಳ ಕೊಟ್ಟಿಗೆಯಿಂದ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ.

“ಮಾವ, ಸೀಮೆ ಹಸ ರಾತ್ರಿಯಿಂದ ಮೇವು ಮುಟ್ಟಿಲ್ಲ. ಕಿವಿ ಮುಟ್ಟಿದ್ರೆ ಕೆಂಡ ಮುಟ್ಟಿದಂಗೈತೆ.”

“ಹೆಗಲ ಮುಂದ್ಕೆ ತಡವಿ ನೋಡಮ್ಮ, ಗಡ್ಡೆ ಏನಾರ ಎದ್ದೈತಾ?”

“ಐತೆ ಮಾವ, ನಿಂಬೆಹಣ್ಣಿನ ಗಾತ್ರ.”

“ಹಂಗಾದ್ರೆ ಹೊತ್ತು ಮಾಡಬ್ಯಾಡ. ಹುಡುಗನ ಕೈಲಿ ಡಾಕ್ಟ್ರಿಗೆ ಫೋನು ಮಾಡ್ಸು. ನಮ್ಮ ನಾಟಿ ದನಕ್ಕೆ ಮೈತುಂಬ ಉಣ್ಣೆ ಇದ್ರೂ ಈ ಕಾಯ್ಲೆ ನಾ ಕಂಡಿರಲಿಲ್ಲ ಕಣಮ್ಮ.”

ಮುದುಕನ ಮಾತಿನಲ್ಲಿ ವಿಜ್ಞಾನವಿದೆ. ಉಣ್ಣೆ ಕುಡಿಯುವ ರಕ್ತ ಒಂದೊಂದಕ್ಕೆ ಅರ್ಧ, ಒಂದು ಮಿಲಿಲೀಟರ್ ಇದ್ದೀತು; ನೂರಾರು ಹತ್ತಿದರೆ ಕರು ಬಡಕಲಾಗುತ್ತದೆ, ಹಾಲು ಇಳಿಯುತ್ತದೆ. ಅದಕ್ಕಿಂತ ಘೋರವಾದುದು ಅದು ಕುಡಿಯುವಾಗ ಬಿಟ್ಟುಹೋಗುವ ವಸ್ತು. ಗೋಡೆಯ ಉಣ್ಣೆಯ ಎಂಜಲಿನಲ್ಲಿ ತೈಲೇರಿಯಾ ಎಂಬ ಸೂಕ್ಷ್ಮಜೀವಿಯಿದ್ದರೆ ಜ್ವರ 104, 106 ಡಿಗ್ರಿಗೇರಿ, ಹೆಗಲಿನ ಮುಂದೆ ಗಡ್ಡೆ ಊದಿ, ಕಣ್ಣು ಬಿಳಿಚಿ, ಕೆಲವೇ ದಿನಗಳಲ್ಲಿ ಹಸು ನೆಲ ಹಿಡಿಯುತ್ತದೆ. ಹುಲ್ಲಿನ ಉಣ್ಣೆ ತರುವ ಬಬೀಸಿಯಾ ಎಂಬುದರಲ್ಲಿ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನಾಟಿ ದನ ಸಾವಿರಾರು ವರ್ಷ ಈ ಶತ್ರುವಿನ ಜೊತೆಯಲ್ಲೇ ಬಾಳಿದ್ದು. ಅದರ ಮೈಗೆ ಹತ್ತುವ ಉಣ್ಣೆಯೇ ಕಡಿಮೆ, ಹತ್ತಿದ್ದರಲ್ಲಿ ಹೊಟ್ಟೆ ತುಂಬಿ ಉದುರುವುದು ಇನ್ನೂ ಕಡಿಮೆ. ಎಳೆಯದರಲ್ಲಿಯೇ ಸೋಂಕು ತಗುಲಿ ಗಟ್ಟಿಯಾಗಿರುತ್ತದೆ. ಚಳಿದೇಶದ ರಕ್ತವಿರುವ ಹಸುವಿಗೆ ಆ ಪರಿಚಯವಿಲ್ಲ.

ಉಣ್ಣೆ ರೋಗ ಹೊರುತ್ತದೆಂಬ ಮಾತು ಸಿದ್ಧವಾದದ್ದು ಅಮೆರಿಕದಲ್ಲಿ. ಟೆಕ್ಸಾಸಿನ ಆರೋಗ್ಯವಂತ ದನಗಳು ಬೇಸಿಗೆಯಲ್ಲಿ ಉತ್ತರದ ಸೀಮೆಗಳನ್ನು ಹಾದುಹೋದರೆ, ಕೆಲವು ವಾರಗಳ ಮೇಲೆ ಅಲ್ಲಿಯ ದನಗಳು ಸಾಯುತ್ತಿದ್ದವು. ಹಿಮ ಬಿದ್ದ ಮೇಲೆ ಹಾದರೆ ಏನೂ ಆಗುತ್ತಿರಲಿಲ್ಲ. ಈ ಋತುಭೇದವನ್ನೇ ಹಿಡಿದು ಹೊರಟ ಥಿಯೋಬಾಲ್ಡ್ ಸ್ಮಿತ್, ಕಿಲ್‌ಬೋರ್ನ್ ಇಬ್ಬರೂ 1893ರಲ್ಲಿ ಉಣ್ಣೆಯ ಅಪರಾಧವನ್ನು ಪ್ರಕಟಿಸಿದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಇರುವುದನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡದ್ದು ಅದಕ್ಕೆ ನಾಲ್ಕು ವರ್ಷಗಳ ಬಳಿಕ.

ಮುಂದಿನ ಕಥೆ ನಮಗೆ ಹೆಮ್ಮೆಯನ್ನೂ ಒಂದಿಷ್ಟು ನಗೆಯನ್ನೂ ತರುವಂಥದು. ಉಣ್ಣೆಗೆ ಬೆದರಿದ ಅಮೆರಿಕನ್ನರು ಭಾರತದ ಗೂಳಿಗಳನ್ನು ತರಿಸಿ ಬ್ರಾಹ್ಮನ್ ಎಂಬ ತಳಿಯನ್ನು ಕಟ್ಟಿದರು. ಗೀರ್, ಓಂಗೋಲು, ಕಾಂಕ್ರೇಜ್‌ಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಅದರಲ್ಲಿದೆ. ಬಟೇವಿಯದ ದನಗಳೊಡನೆ 1872ರಲ್ಲಿ ಉಣ್ಣೆಯನ್ನು ಬರಮಾಡಿಕೊಂಡು ಸಂಕಟಪಟ್ಟ ಆಸ್ಟ್ರೇಲಿಯ, 1933ರಲ್ಲಿ ಅದೇ ಬ್ರಾಹ್ಮನ್ ತಳಿಯನ್ನು ಟೆಕ್ಸಾಸಿನಿಂದ ತರಿಸಿತು. ಡುಬ್ಬದ ದನ ಅತ್ತ ಹಡಗೇರಿತು, ಡುಬ್ಬವಿಲ್ಲದ ದನ ಇತ್ತ ಕೊಟ್ಟಿಗೆ ಸೇರಿತು. ಅವರಿಗೆ ಬೇಕಾದುದು ಮಾಂಸ, ನಮಗೆ ಬೇಕಾದುದು ಹಾಲು ಎಂಬ ಉತ್ತರವೇನೋ ಇದೆ.

ಹಾಲು ಬೇಕಾದವನು ಉಣ್ಣೆಯೊಡನೆ ಹೊಡೆದಾಡಲೇಬೇಕು. ಸೀತಾಫಲದ ಬೀಜವನ್ನರೆದು ಹಚ್ಚುವುದು, ಬೇವಿನೆಣ್ಣೆ, ಹೊಂಗೆಯೆಣ್ಣೆ ಸವರುವುದು, ಹೊಗೆಸೊಪ್ಪಿನ ಕಷಾಯದಲ್ಲಿ ತೊಳೆಯುವುದು ಹಳೆಯ ಉಪಾಯಗಳು. ಕೊನೆಯದನ್ನು ಹುಣ್ಣಿದ್ದ ಮೈಗೆ ಹಚ್ಚಿ ಕರುವನ್ನೇ ಕಳೆದುಕೊಳ್ಳುವ ಅಪಾಯವಿದೆ. ಹೊಗೆಸೊಪ್ಪು ಉಣ್ಣೆಗಷ್ಟೇ ವಿಷವಲ್ಲ. ಈಗ ಅಂಗಡಿಯಲ್ಲಿ ಡೆಲ್ಟಾಮೆತ್ರಿನ್, ಅಮಿಟ್ರಾಜ್ ಮೊದಲಾದ ಔಷಧಿಗಳು ಸಿಗುತ್ತವೆ. ಅಂದಾಜಿನಲ್ಲಿ ನೀರು ಬೆರೆಸಿ, ಉಣ್ಣೆ ಕಂಡ ಹಸುವಿಗೆ ಮಾತ್ರ ಬಳಿದು, ಪಕ್ಕದ ಎಮ್ಮೆಯನ್ನೂ ಗೋಡೆಯನ್ನೂ ಬಿಟ್ಟುಬಿಡುವುದು ಸಾಮಾನ್ಯ. ಸಾಯದೆ ಉಳಿದ ಉಣ್ಣೆಯ ಸಂತಾನಕ್ಕೆ ಆ ಔಷಧಿ ಮೆಲ್ಲನೆ ಒಗ್ಗಿಹೋಗುತ್ತದೆ; ಒಗ್ಗಿಹೋದ ಉಣ್ಣೆಗಳನ್ನು ಭಾರತದ ಹಲವು ಕಡೆ ಪಶುವೈದ್ಯರು ಗುರುತಿಸಿದ್ದಾರೆ. ತೈಲೇರಿಯಾಕ್ಕೆ 1980ರ ದಶಕದಲ್ಲಿ ಬಂದ ಬ್ಯುಪಾರ್ವಕ್ವೋನ್ ಎಂಬ ಚುಚ್ಚುಮದ್ದು ಹೊತ್ತಿಗೆ ಬಿದ್ದರೆ ಹಸುವನ್ನು ಉಳಿಸುತ್ತದೆ. ಎಳೆಗರುವಿಗೆ ಹಾಕುವ ಲಸಿಕೆಯೂ ಇದೆ. ಅದನ್ನು ದ್ರವಸಾರಜನಕದ ಕಡುಚಳಿಯಲ್ಲಿಯೇ ಇಟ್ಟು ತರಬೇಕಾದ್ದರಿಂದ ಎಲ್ಲ ಹಳ್ಳಿಗೂ ಸುಲಭವಾಗಿ ಎಟುಕುವುದಿಲ್ಲ.

ಪಂಚಾಂಗ ಬಲ್ಲವರು ಮಾತ್ರ ಉಣ್ಣೆ ಕಾಣುವವರೆಗೆ ಕಾಯುವುದಿಲ್ಲ. ಶತ್ರುವಿನ ಸಂಖ್ಯೆ ಕನಿಷ್ಠವಾಗಿರುವ ಬೇಸಿಗೆಯ ಕೊನೆಯಲ್ಲಿಯೇ, ಭರಣಿ ಮಳೆಯ ಮುಂಚೆ, ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತಿ, ಸುಣ್ಣ ಬಳಿದು, ಕೊಟ್ಟಿಗೆಯ ಮೂಲೆಯ ಹಳೆಯ ಗೊಬ್ಬರವನ್ನು ತಿಪ್ಪೆಗೆ ಸಾಗಿಸುತ್ತಾರೆ. ಆಗ ಸತ್ತ ಒಂದು ಹೆಣ್ಣುಣ್ಣೆ ಹಸ್ತ ಮಳೆಯ ಹೊತ್ತಿಗೆ ಸತ್ತ ಸಾವಿರಕ್ಕೆ ಸಮ. ಔಷಧಿಯೂ ಆಗ ಹಾಕಿದ್ದೇ ಫಲಕಾರಿ. ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಎರಡು ದಿನದ ಬಿಡುವು.

ಪುರವರದ ಕಡೆಯ ಕೊಟ್ಟಿಗೆಗಳಲ್ಲಿ ಈ ಯುದ್ಧಕ್ಕೆ ಸಂಬಳವಿಲ್ಲದ ಸೈನಿಕರೂ ಇದ್ದಾರೆ. ಮಲಗಿ ಮೆಲುಕು ಹಾಕುವ ಹಸುವಿನ ಸುತ್ತ ನಾಟಿ ಕೋಳಿಗಳು ಸುಳಿದಾಡುತ್ತ, ತೊಡೆಸಂದಿಗೆ ಕತ್ತು ಚಾಚಿ ಟಕ್ಕೆಂದು ಕುಕ್ಕುತ್ತವೆ. ಹಸು ಕಣ್ಣು ಮುಚ್ಚಿಕೊಂಡೇ ಕಾಲನ್ನು ಇನ್ನಷ್ಟು ಅಗಲ ಮಾಡಿಕೊಡುತ್ತದೆ. ಹಾಲು ಕರೆಯಲು ಬಂದ ಹೆಂಗಸು ತಂಬಿಗೆಯನ್ನು ಕೆಳಗಿಟ್ಟು, ಕೆಚ್ಚಲು ಮುಟ್ಟುವ ಮುನ್ನ ಹಸುವಿನ ಕಿವಿಯ ಹಿಂದೆ ಒಮ್ಮೆ ಬೆರಳಾಡಿಸುತ್ತಾಳೆ. ಸಿಕ್ಕಿದ್ದನ್ನು ಕಿತ್ತು ಕೋಳಿಗೆಸೆದು, ಕೈ ತೊಳೆದು, ಕೂರುತ್ತಾಳೆ. ಡೈರಿಯ ಗಂಟೆ ಹೊಡೆಯಲು ಇನ್ನು ಅರ್ಧ ತಾಸಿದೆ.